ಆಟಕ್ಕೂ ಲೆಕ್ಕಕ್ಕೂ ಒಂದೇ ಕಂಪ್ಯೂಟರ್

ಬೆಂಗಳೂರಿನ ಎಸ್.ಪಿ. ರಸ್ತೆಗೆ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೋದವರನ್ನು ಅಂಗಡಿಯವರು ಮೊದಲು ಕೇಳುವುದು ಬಜೆಟ್ ಎಷ್ಟು ಅಂತ. ಆಮೇಲೆ ಕೇಳುವುದು, ಗೇಮಿಂಗಿಗಾ ಆಫೀಸ್ ಕೆಲಸಕ್ಕಾ ಅಂತ. ಈ ಎರಡನೇ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದವರು ಈಗ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮೆಕ್ಯಾನಿಕಲ್, ಸಿವಿಲ್, ಏರೋನಾಟಿಕಲ್ ಓದುವ ಹುಡುಗ ಹುಡುಗಿಯರು, ಪೀಣ್ಯದಲ್ಲೋ ಬೆಳಗಾವಿಯಲ್ಲೋ ಡಿಸೈನ್ ಕೆಲಸಕ್ಕೆ ಸೇರಿದ ಎಳೆಯ ಎಂಜಿನಿಯರುಗಳು, ರಾತ್ರಿಯಿಡೀ ಗಾಳಿಯ ಹರಿವನ್ನೋ ಉಕ್ಕಿನೊಳಗಿನ ಒತ್ತಡವನ್ನೋ ಲೆಕ್ಕ ಹಾಕಿಸಿ ಬಿಡುವಾದಾಗ ಅದೇ ಯಂತ್ರದಲ್ಲಿ ಆಟವಾಡುವವರು. ಅವರು ‘ಎರಡಕ್ಕೂ’ ಎಂದ ಕೂಡಲೇ ಕೊಟೇಶನ್ ಚೀಟಿಯಲ್ಲಿ ಪ್ರಾಸೆಸರ್ ಒಂದು ದರ್ಜೆ ಮೇಲೇರುತ್ತದೆ, ಗ್ರಾಫಿಕ್ಸ್ ಕಾರ್ಡ್ ಒಂದು ದರ್ಜೆ ಮೇಲೇರುತ್ತದೆ, ಉಳಿದ ಸಾಲುಗಳು ಇದ್ದ ಹಾಗೇ ಇರುತ್ತವೆ. ದುಡ್ಡು ಹೆಚ್ಚು ಹೋಗುತ್ತದೆ, ಆದರೆ ಸಿಮ್ಯುಲೇಶನ್ನಿಗೆ ಬೇಕಾದದ್ದು ಮನೆಗೆ ಬರುವುದಿಲ್ಲ ಎಂಬುದು ನನ್ನ ವಾದ.

ಆಟ ಮತ್ತು ಸಿಮ್ಯುಲೇಶನ್ ಒಂದೇ ಯಂತ್ರದಿಂದ ಬೇರೆ ಬೇರೆಯದನ್ನು ಕೇಳುತ್ತವೆ. ಕೈಯಲ್ಲಿರುವ ದುಡ್ಡು ಎರಡನ್ನೂ ತಣಿಸಲಾರದಾಗ ಯಾವುದರ ಮಾತು ನಡೆಯಬೇಕು? ಸಿಮ್ಯುಲೇಶನ್ನಿನದೇ ನಡೆಯಬೇಕು. ಕೆಲಸ ಮೇಲು, ಆಟ ಕೀಳು ಎಂಬ ಮಡಿವಂತಿಕೆ ನನಗಿಲ್ಲ. ಆಟ ಬಗ್ಗುತ್ತದೆ, ಲೆಕ್ಕ ಬಗ್ಗುವುದಿಲ್ಲ, ಅಷ್ಟೇ ಕಾರಣ.

ಯಾವ ಆಟವನ್ನೇ ತೆರೆಯಿರಿ, ಅದರಲ್ಲಿ ಸೆಟ್ಟಿಂಗ್ಸ್ ಎಂಬ ಪುಟ ಇರುತ್ತದೆ. ನೆರಳು ಕಡಿಮೆ ಮಾಡಬಹುದು, ಟೆಕ್ಸ್ಚರ್ ಇಳಿಸಬಹುದು. 4ಕೆ ಪರದೆಯ ಸುಮಾರು 83 ಲಕ್ಷ ಪಿಕ್ಸೆಲ್‌ಗಳನ್ನು ಬಿಟ್ಟು 1080ಪಿಯ 20.7 ಲಕ್ಷ ಪಿಕ್ಸೆಲ್‌ಗಳಿಗೆ ಬಂದರೆ ಕಾರ್ಡಿನ ಹೊರೆ ಬಹಳಷ್ಟು ಇಳಿಯುತ್ತದೆ. ಸೆಕೆಂಡಿಗೆ 144 ಫ್ರೇಮ್ ಬೇಕೆಂದರೆ ಒಂದು ಫ್ರೇಮನ್ನು 6.9 ಮಿಲಿಸೆಕೆಂಡಿನಲ್ಲಿ ಮುಗಿಸಬೇಕು, 60 ಸಾಕೆಂದರೆ 16.7 ಮಿಲಿಸೆಕೆಂಡ್ ಸಿಗುತ್ತದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ತಂತ್ರಗಳು ಚಿಕ್ಕ ಚಿತ್ರವನ್ನು ಬರೆದು ದೊಡ್ಡದಾಗಿ ತೋರಿಸುತ್ತವೆ. ಇಳಿಸಿದ್ದು ಏನು, ಕಳೆದುಕೊಂಡದ್ದು ಏನು ಎಂದು ಆಡುವವನ ಕಣ್ಣಿಗೆ ಕಾಣುತ್ತದೆ. ನಷ್ಟ ಅವನಿಗೆ ಗೊತ್ತಿರುವ ನಷ್ಟ.

ಸಿಮ್ಯುಲೇಶನ್ನಿನಲ್ಲಿ ಹಾಗೆ ಇಳಿಸಲು ಇರುವುದು ಮುಖ್ಯವಾಗಿ ಮೆಶ್ ಒಂದೇ. ವಸ್ತುವನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ಒಡೆದು ಒಂದೊಂದರಲ್ಲೂ ಸಮೀಕರಣ ಬಿಡಿಸುವುದು ಅದರ ಕ್ರಮ. ಯಂತ್ರದ ಮೆಮೊರಿ ಸಾಲದೆ ಮೆಶ್ಶನ್ನು ಒರಟು ಮಾಡಿದರೂ ಉತ್ತರ ಬರುತ್ತದೆ. ಕೆಂಪು, ಹಳದಿ, ನೀಲಿಯ ಚಿತ್ರ ಅಷ್ಟೇ ಚೆಂದ ಬರುತ್ತದೆ. ಇದು ತಪ್ಪು ಎಂದು ಪರದೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ. 1991ರ ಆಗಸ್ಟ್ 23ರಂದು ನಾರ್ವೆಯ ಗಾಂಡ್ಸ್‌ಫ್ಯೋರ್ಡಿನಲ್ಲಿ ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಕಾಂಕ್ರೀಟ್ ಬುಡವನ್ನು ಪರೀಕ್ಷೆಗಾಗಿ ನೀರಿಗೆ ಇಳಿಸುತ್ತಿದ್ದಾಗ ಒಳಗೋಡೆಯೊಂದು ಬಿರಿದು ಇಡೀ ರಚನೆ ಮುಳುಗಿಹೋಯಿತು. ತನಿಖೆಯಲ್ಲಿ ಕಂಡದ್ದು: ಆ ಗೋಡೆಗಳು ಕೂಡುವ ಜಾಗದಲ್ಲಿ ಬಳಸಿದ ಒರಟಾದ, ಸೊಟ್ಟ ಆಕಾರದ ಮೆಶ್ಶಿನಿಂದಾಗಿ ಕತ್ತರಿ ಒತ್ತಡವನ್ನು ಶೇಕಡಾ 47ರಷ್ಟು ಕಡಿಮೆ ಅಂದಾಜು ಮಾಡಲಾಗಿತ್ತು, ಕಬ್ಬಿಣ ಕಟ್ಟಿದ ರೀತಿಯೂ ಸಾಲದಾಗಿತ್ತು. ಅದು ಮೆಮೊರಿಯ ಕೊರತೆಯಿಂದ ಆದ ದುರಂತವೆಂದು ನಾನು ಹೇಳುತ್ತಿಲ್ಲ. ಒರಟು ಮೆಶ್ಶಿನ ಉತ್ತರ ತಾನು ತಪ್ಪೆಂದು ಕೂಗಿ ಹೇಳುವುದಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅದಕ್ಕೇ ಮೇಷ್ಟ್ರುಗಳು ಒಂದೇ ಮಾದರಿಯನ್ನು ಮೂರು ಮೆಶ್‌ಗಳಲ್ಲಿ ಓಡಿಸಿ ನೋಡಲು ಹೇಳುವುದು: ಒಂದು ಒರಟು, ಒಂದು ನಡುವಿನದು, ಒಂದು ನಯ. ಉತ್ತರ ಮೂರರಲ್ಲೂ ಒಂದೇ ಕಡೆಗೆ ಬಂದು ನಿಂತರೆ ನಂಬಬಹುದು. ಕಂಪ್ಯೂಟರ್ ಕೊಳ್ಳುವವರು ಲೆಕ್ಕ ಹಾಕಬೇಕಾದದ್ದು ಈ ಮೂರನೆಯ ಮೆಶ್ಶಿಗೆ. ಮೊದಲ ಮೆಶ್ಶಿನಲ್ಲಿ 10 ಲಕ್ಷ ಸೆಲ್, ಅಂದರೆ ತುಂಡು, ಇದ್ದು, ಪ್ರತಿ ದಿಕ್ಕಿನಲ್ಲೂ ಒಂದೂವರೆ ಪಟ್ಟು ನಯ ಮಾಡುತ್ತ ಹೋದರೆ ಎರಡನೆಯದರಲ್ಲಿ ಸುಮಾರು 34 ಲಕ್ಷ, ಮೂರನೆಯದರಲ್ಲಿ 1.14 ಕೋಟಿ ಆಗುತ್ತದೆ. ಹರಿವಿನ ಲೆಕ್ಕದಲ್ಲಿ ಪ್ರತಿ 10 ಲಕ್ಷ ಸೆಲ್‌ಗೆ ಒಂದರಿಂದ ಎರಡು ಜಿಬಿ ರ‍್ಯಾಮ್ ಎಂಬುದು ಬಳಕೆಯಲ್ಲಿರುವ ಅಂದಾಜು. ಎಲ್ಲ ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸುವ ವಿಧಾನಕ್ಕೆ ಇನ್ನೂ ಹೆಚ್ಚು ಬೇಕು. ಮೂರನೆಯ ಮೆಶ್ 16 ಜಿಬಿಯ ಯಂತ್ರದಲ್ಲಿ ಹಿಡಿಸುವುದು ಕಷ್ಟ, 32 ಜಿಬಿಯಲ್ಲಿ ಇಕ್ಕಟ್ಟಾಗಿ ಕೂರುತ್ತದೆ.

ಘನವಸ್ತುವಿನ ಒತ್ತಡದ ಲೆಕ್ಕ ಇದಕ್ಕಿಂತ ಕಠಿಣ. ಅಲ್ಲಿ ಸಮೀಕರಣ ಬಿಡಿಸಲು ಬಳಸುವ ಡೈರೆಕ್ಟ್ ಸಾಲ್ವರ್ ಅಜ್ಞಾತಗಳನ್ನು ಒಂದೊಂದಾಗಿ ಕಳೆಯುತ್ತ ಹೋದಂತೆ, ಮೊದಲು ಸೊನ್ನೆಯಾಗಿದ್ದ ಜಾಗಗಳೆಲ್ಲ ಸಂಖ್ಯೆಗಳಿಂದ ತುಂಬಿಕೊಳ್ಳುತ್ತವೆ. ಮೂರು ಆಯಾಮದ ಮಾದರಿಯಲ್ಲಿ ಎಲಿಮೆಂಟಿನ ಅಳತೆಯನ್ನು ಅರ್ಧ ಮಾಡಿದರೆ ಅಜ್ಞಾತಗಳು 8 ಪಟ್ಟಾಗುತ್ತವೆ, ಬೇಕಾಗುವ ಮೆಮೊರಿ ಸುಮಾರು 16 ಪಟ್ಟು, ಲೆಕ್ಕದ ಕೆಲಸ ಸುಮಾರು 64 ಪಟ್ಟು. ರ‍್ಯಾಮ್ ಮುಗಿದರೆ ಸಾಲ್ವರ್ ಡಿಸ್ಕಿನ ಮೇಲೆ ಬರೆದು ಓದಿ ಕೆಲಸ ಮುಂದುವರಿಸುತ್ತದೆ. ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿ ಸೆಕೆಂಡಿಗೆ 7 ಜಿಬಿ ಓದಬಲ್ಲದು, ರ‍್ಯಾಮ್ 80-90 ಜಿಬಿ ಕೊಡುತ್ತದೆ. ಬೆಳಗಿನೊಳಗೆ ಮುಗಿಯಬೇಕಿದ್ದ ಲೆಕ್ಕ ಮರುದಿನ ರಾತ್ರಿಗೂ ಮುಗಿಯದೆ ಕೂರುವುದು ಹೀಗೆ. ಆಟಕ್ಕೆ ಇಂದು 16 ಜಿಬಿ ನಡೆಯುತ್ತದೆ, 32 ಇದ್ದರೆ ನೆಮ್ಮದಿ. ಸಿಮ್ಯುಲೇಶನ್ ಮಾಡುವವರಿಗೆ 32 ಕನಿಷ್ಠ, 64 ಸರಿಯಾದ ಗುರಿ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ್ದು ಈ ಮಾತನ್ನು ನುಂಗಲು ಕಷ್ಟವಾಗಿಸಿದೆ, ನಿಜ. ಬೆಲೆ ಏರಿದೆಯೆಂದು ಮೆಶ್ಶಿಗೆ ಬೇಕಾದ ಜಾಗವೇನೂ ಕಡಿಮೆಯಾಗುವುದಿಲ್ಲ.

ಎಷ್ಟು ಮೆಮೊರಿ ಎಂಬುದು ಅರ್ಧ ಪ್ರಶ್ನೆ. ಎಷ್ಟು ವೇಗದ ಮೆಮೊರಿ ಎಂಬುದು ಉಳಿದರ್ಧ. ಪ್ರಾಸೆಸರ್ ಒಂದನ್ನೇ ದೊಡ್ಡದು ಮಾಡಿ ಮೋಸಹೋಗುವುದು ಇಲ್ಲೇ. ಹರಿವಿನ ಲೆಕ್ಕದಲ್ಲಿ ಯಂತ್ರ ಹೆಚ್ಚಿನ ಹೊತ್ತು ಮಾಡುವ ಕೆಲಸ ಒಂದೇ ಬಗೆಯದು: ಮ್ಯಾಟ್ರಿಕ್ಸಿನಿಂದ ಒಂದು ಸಂಖ್ಯೆಯನ್ನು ಮತ್ತು ಅದರ ಸ್ಥಾನವನ್ನು ತರುವುದು, ಗುಣಿಸುವುದು, ಕೂಡುವುದು. ಸಂಖ್ಯೆಗೆ 8 ಬೈಟ್, ಸ್ಥಾನಕ್ಕೆ 4 ಬೈಟ್, ಒಟ್ಟು 12 ಬೈಟ್ ತಂದರೆ ಆಗುವುದು ಎರಡೇ ಲೆಕ್ಕ. ಎರಡು ಚಾನೆಲ್ಲಿನ ಡಿಡಿಆರ್5-5600 ಮೆಮೊರಿ ಸೆಕೆಂಡಿಗೆ ಹೆಚ್ಚೆಂದರೆ 89.6 ಜಿಬಿ ಕೊಡುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 1,500 ಕೋಟಿ ಲೆಕ್ಕ. ಅದೇ ಯಂತ್ರದ ಎಂಟು ಕೋರ್ ಪ್ರಾಸೆಸರಿನ ಶಕ್ತಿ ಕಾಗದದ ಮೇಲೆ 50,000 ಕೋಟಿಗೂ ಮೇಲೆ. ಆಲೆಮನೆಯ ಗಾಣ ಎಷ್ಟು ದೊಡ್ಡದಾದರೂ ಗದ್ದೆಯಿಂದ ಕಬ್ಬು ತರುವುದು ಒಂದೇ ಗಾಡಿಯಾದರೆ ಬೆಲ್ಲ ಆಗುವುದು ಗಾಡಿಯ ಲೆಕ್ಕದಲ್ಲೇ. ಎಂಟು ಕೋರಿನ ಬದಲು ಹದಿನಾರು ಕೋರ್ ಕೊಂಡರೆ ಗಾಣ ದೊಡ್ಡದಾಗುತ್ತದೆ, ಗಾಡಿ ಅಷ್ಟೇ ಇರುತ್ತದೆ.

ಇದನ್ನು ಯಾರು ಬೇಕಾದರೂ ತಮ್ಮ ಯಂತ್ರದಲ್ಲೇ ನೋಡಬಹುದು. ಓಪನ್‌ಫೋಮ್ ಎಂಬ ಉಚಿತ ತಂತ್ರಾಂಶದ ಜೊತೆಗೆ ಮೋಟರ್‌ಬೈಕ್ ಎಂಬ ಉದಾಹರಣೆ ಬರುತ್ತದೆ. ಬೈಕಿನ ಮೇಲೆ ಬಾಗಿ ಕುಳಿತ ಸವಾರ, ಅವನ ಸುತ್ತ ಹರಿಯುವ ಗಾಳಿ. ಅದೇ ಕೇಸನ್ನು ಒಂದು ಕೋರಿನಲ್ಲಿ, ಎರಡರಲ್ಲಿ, ನಾಲ್ಕರಲ್ಲಿ, ಎಂಟರಲ್ಲಿ ಓಡಿಸಿ. ಪ್ರತಿ ಸುತ್ತು ಮುಗಿದಾಗಲೂ ಲಾಗಿನಲ್ಲಿ ಎಕ್ಸಿಕ್ಯೂಶನ್ ಟೈಮ್, ಕ್ಲಾಕ್ ಟೈಮ್ ಎಂದು ಒಂದು ಸಾಲು ಬೀಳುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಒಂದರಿಂದ ಎರಡಕ್ಕೆ ಹೋದಾಗ ಹೊತ್ತು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಾಲ್ಕಕ್ಕೆ ಹೋದಾಗಲೂ ಒಳ್ಳೆಯ ಲಾಭ ಇದೆ. ಎರಡು ಚಾನೆಲ್ಲಿನ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಅಲ್ಲಿಂದ ಮುಂದೆ ಗೆರೆ ಚಪ್ಪಟೆಯಾಗತೊಡಗುತ್ತದೆ. ಆಗಲೂ ಟಾಸ್ಕ್ ಮ್ಯಾನೇಜರ್ ಎಂಟೂ ಕೋರುಗಳನ್ನು ನೂರಕ್ಕೆ ನೂರು ಎಂದೇ ತೋರಿಸುತ್ತದೆ, ಏಕೆಂದರೆ ದತ್ತಾಂಶಕ್ಕಾಗಿ ಕಾಯುವುದನ್ನೂ ಅದು ದುಡಿಮೆಯೆಂದೇ ಎಣಿಸುತ್ತದೆ. ಟಾಸ್ಕ್ ಮ್ಯಾನೇಜರನ್ನು ನೋಡಿ ಪ್ರಾಸೆಸರ್ ಸಾಲದು ಎಂದು ತೀರ್ಮಾನಿಸಬಾರದು. ನೋಡಬೇಕಾದದ್ದು ಲಾಗಿನ ಆ ಸಾಲನ್ನು.

ಅಂಗಡಿಯ ಕೊಟೇಶನ್ನಿನಲ್ಲಿ ‘32 ಜಿಬಿ ಡಿಡಿಆರ್5’ ಎಂದಷ್ಟೇ ಬರೆದಿದ್ದರೆ ಕೇಳಲೇಬೇಕಾದ ಪ್ರಶ್ನೆ: ಎಷ್ಟು ಸ್ಟಿಕ್? ಒಂದೇ 32ರ ಸ್ಟಿಕ್ ಹಾಕಿದರೆ ಒಂದೇ ಚಾನೆಲ್, ಅರ್ಧ ವೇಗ. ಮುಂದೆ ಇನ್ನೊಂದು ಹಾಕಿಕೊಳ್ಳಬಹುದು ಸರ್ ಎಂಬ ಸಮಾಧಾನದ ಮಾತಿಗೆ ಒಪ್ಪಿದರೆ, ಆ ಮುಂದೆ ಬರುವ ತನಕ ಪ್ರತಿ ಲೆಕ್ಕಕ್ಕೂ ಇಮ್ಮಡಿಯ ಹತ್ತಿರದ ಹೊತ್ತು ಹಿಡಿಯುತ್ತದೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ನಾಲ್ಕು ಸ್ಲಾಟ್ ಇದೆಯಲ್ಲ ಎಂದು ನಾಲ್ಕರಲ್ಲೂ ಸ್ಟಿಕ್ ತುಂಬುವುದು. ಎಎಂಡಿಯ ರೈಜನ್ 9000 ಸಾಲಿನ ಪ್ರಾಸೆಸರುಗಳಿಗೆ ಕಂಪನಿ ಒಪ್ಪುವ ವೇಗ ಎರಡು ಸ್ಟಿಕ್ ಇದ್ದಾಗ 5600, ನಾಲ್ಕು ಇದ್ದಾಗ 3600. ಅಂದರೆ 89.6 ಜಿಬಿ ಹೋಗಿ 57.6 ಜಿಬಿ ಆಗುತ್ತದೆ. ಡೆಸ್ಕ್‌ಟಾಪ್ ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೂ ಚಾನೆಲ್ ಎರಡೇ. 64 ಜಿಬಿ ಬೇಕಿದ್ದರೆ 32ರ ಎರಡು ಸ್ಟಿಕ್ ಒಂದೇ ಪ್ಯಾಕಿನಲ್ಲಿ ಕೊಳ್ಳುವುದು ಸರಿಯಾದ ದಾರಿ.

ಕೋರುಗಳ ಎಣಿಕೆಯ ಬಗ್ಗೆ ಇನ್ನೂ ಒಂದೆರಡು ಮಾತು. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದ ಇಂದಿಗೂ ಅಲುಗಿಲ್ಲ: ಕೆಲಸದ ಶೇಕಡಾ 5 ಭಾಗ ಒಂದೇ ಕೋರಿನಲ್ಲಿ ನಡೆಯಬೇಕಾದದ್ದಿದ್ದರೆ 16 ಕೋರುಗಳಿಂದ ಸಿಗುವ ವೇಗ 9 ಪಟ್ಟು ಮಾತ್ರ. ಇಂಟೆಲ್‌ನ ಕೋರ್ ಐ9-14900ಕೆ ಪೆಟ್ಟಿಗೆಯ ಮೇಲಿನ 24 ಕೋರುಗಳಲ್ಲಿ 8 ದೊಡ್ಡವು, 16 ಚಿಕ್ಕವು. ಹರಿವಿನ ಸಾಲ್ವರ್ ಮೆಶ್ಶನ್ನು ಸಮಪಾಲು ಮಾಡಿ ಹಂಚುತ್ತದೆ, ಎಲ್ಲರೂ ಮುಗಿಸುವ ತನಕ ಮುಂದಿನ ಸುತ್ತು ಶುರುವಾಗುವುದಿಲ್ಲ. ದೊಡ್ಡ ಕೋರುಗಳು ಬೇಗ ಮುಗಿಸಿ ಚಿಕ್ಕವುಗಳ ದಾರಿ ಕಾಯುತ್ತವೆ. ಲೈಸೆನ್ಸಿನ ಮಿತಿಯೂ ಇದೆ. ಬಹುಪಾಲು ವಾಣಿಜ್ಯ ಸಾಲ್ವರುಗಳು ಕೋರಿನ ಲೆಕ್ಕದಲ್ಲಿ ಹಣ ಕೇಳುತ್ತವೆ. ಆನ್ಸಿಸ್‌ನ ಮೂಲ ಲೈಸೆನ್ಸಿನಲ್ಲಿ ವರ್ಷಗಳಿಂದ ಸಿಗುತ್ತಿರುವುದು ನಾಲ್ಕು ಕೋರ್. ಹದಿನಾರು ಕೋರಿಗೆ ಹಣ ಕಟ್ಟುವ ಮೊದಲು ನನ್ನ ಲೈಸೆನ್ಸ್ ಎಷ್ಟನ್ನು ಮುಟ್ಟಲು ಬಿಡುತ್ತದೆ ಎಂದು ಕಾಲೇಜಿನಲ್ಲೋ ಕಂಪನಿಯಲ್ಲೋ ಕೇಳಿ ತಿಳಿಯಬೇಕು. ಎಂಟು ಒಳ್ಳೆಯ ಕೋರುಗಳು ಮನೆಯ ಯಂತ್ರಕ್ಕೆ ಸಾಕು. ಆಟಗಳಿಗಂತೂ ಎಂಟೇ ಧಾರಾಳ.

ಆಟ ಮತ್ತು ಲೆಕ್ಕ ಜಗಳವಿಲ್ಲದೆ ಒಂದಾಗುವ ಒಂದು ಜಾಗವಿದೆ, ಅದು ಪ್ರಾಸೆಸರಿನ ಒಳಗಿನ ಕ್ಯಾಶ್ ಮೆಮೊರಿ. ಎಎಂಡಿ 2022ರಲ್ಲಿ ಒಂದು ಚಿಪ್ಪಿನ ಮೇಲೆ ಇನ್ನೊಂದು ಮೆಮೊರಿ ಚಿಪ್ಪನ್ನು ಅಂಟಿಸಿ ಎರಡು ಸರಕುಗಳನ್ನು ಮಾರುಕಟ್ಟೆಗೆ ತಂದಿತು. ಮಾರ್ಚಿನಲ್ಲಿ ಬಂದ ಮಿಲಾನ್-ಎಕ್ಸ್ ಸರ್ವರ್ ಪ್ರಾಸೆಸರಿನಲ್ಲಿ 768 ಎಂಬಿ ಎಲ್3 ಕ್ಯಾಶ್. ಹರಿವಿನ ಲೆಕ್ಕ, ಡಿಕ್ಕಿಯ ಲೆಕ್ಕ ಮಾಡುವ ಎಂಜಿನಿಯರಿಂಗ್ ಕೆಲಸವನ್ನೇ ಅದರ ಗುರಿಯೆಂದು ಕಂಪನಿ ಸಾರಿತ್ತು. ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿಯಲ್ಲಿ 96 ಎಂಬಿ, ಅದರ ಗುರಿ ಆಟಗಾರರು. ಎರಡರ ಹಿಂದೆಯೂ ಒಂದೇ ಕಾರಣವಿದೆ: ರ‍್ಯಾಮಿನ ತನಕ ಹೋಗಿಬರುವ ಪಯಣವನ್ನು ಉಳಿಸುವುದು. 2024ರ ನವೆಂಬರಿನ 9800ಎಕ್ಸ್3ಡಿ ಅದೇ ಸಾಲಿನದು. ಮೆಶ್ ದೊಡ್ಡದಾದಂತೆ 96 ಎಂಬಿಯ ಲಾಭ ಕರಗುತ್ತ ಹೋಗುತ್ತದೆ, ಆದರೂ ಇಬ್ಬರೂ ಸಂತೋಷಪಡುವಂತೆ ಹಣ ಹಾಕಬಹುದಾದ ಭಾಗ ಇದೊಂದೇ. ಅದರ ದುಬಾರಿ ಬೆಲೆಯನ್ನು ರ‍್ಯಾಮಿನ ಪಾಲಿನಿಂದ ಕಿತ್ತುಕೊಳ್ಳಬಾರದು, ಅಷ್ಟೆ.

ಇನ್ನು ಗ್ರಾಫಿಕ್ಸ್ ಕಾರ್ಡ್. ಇಲ್ಲಿ ಸಿಮ್ಯುಲೇಶನ್ ಆಟಕ್ಕೆ ಋಣಿಯಾಗಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 1999ರ ಜೀಫೋರ್ಸ್ 256 ಕಾರ್ಡ್ ಆಟಗಾರರಿಗಾಗಿ ಹುಟ್ಟಿದ್ದು. ಅಂಥ ಕಾರ್ಡುಗಳನ್ನು ಲಕ್ಷಗಟ್ಟಲೆ ಕೊಂಡ ಆಟಗಾರರ ಹಣದಿಂದ ಬೆಳೆದ ಚಿಪ್ಪುಗಳ ಮೇಲೆ ವಿಜ್ಞಾನಿಗಳು ಲೆಕ್ಕ ಮಾಡತೊಡಗಿದರು. ಕಾರ್ಡಿನ ಮೇಲೆ ಇಂಥ ಲೆಕ್ಕ ಬರೆಯಲು ಎನ್ವಿಡಿಯಾ 2007ರಲ್ಲಿ ಕುಡಾ ಎಂಬ ತಂತ್ರಾಂಶ ಬಿಡುಗಡೆ ಮಾಡಿದ ಮೇಲೆ ಆ ದಾರಿ ಹೆದ್ದಾರಿಯಾಯಿತು. ಸೋನಿಯ ಪ್ಲೇಸ್ಟೇಶನ್ 3ರೊಳಗಿದ್ದ ಸೆಲ್ ಚಿಪ್ಪಿನ ಕತೆ ಇನ್ನೂ ಅರ್ಥಪೂರ್ಣ. ಅದು ಏಕಮಾನ ನಿಖರತೆಯಲ್ಲಿ, ಅಂದರೆ ಸುಮಾರು 7 ಅಂಕಿಗಳ ಲೆಕ್ಕದಲ್ಲಿ, ಬಲು ಚುರುಕು. ಎಂಜಿನಿಯರಿಂಗಿಗೆ ಬೇಕಾದ ಸುಮಾರು 16 ಅಂಕಿಗಳ ದ್ವಿಮಾನ ನಿಖರತೆಯಲ್ಲಿ ಮಂದ. ಐಬಿಎಂ ಆ ಕೊರತೆಯನ್ನು ತುಂಬಿ ಪವರ್‌ಎಕ್ಸ್‌ಸೆಲ್ 8ಐ ಎಂಬ ಬೇರೆಯೇ ಆವೃತ್ತಿ ಮಾಡಿತು. 2008ರಲ್ಲಿ ಅಮೆರಿಕದ ಲಾಸ್ ಅಲಾಮೋಸಿನಲ್ಲಿ ಅದನ್ನು ಹೊಂದಿದ ರೋಡ್‌ರನ್ನರ್ ಯಂತ್ರ ಪೆಟಾಫ್ಲಾಪ್ ಗಡಿ ದಾಟಿದ ಜಗತ್ತಿನ ಮೊದಲ ಸೂಪರ್‌ಕಂಪ್ಯೂಟರ್ ಆಯಿತು. ಆಟದ ಚಿಪ್ಪು ಲೆಕ್ಕದ ಚಿಪ್ಪಾಗಲು ಏನು ಬೇಕಾಯಿತು ಎಂಬುದು ಆ ಒಂದು ಬದಲಾವಣೆಯಲ್ಲಿದೆ.

ಇಂದಿನ ಗೇಮಿಂಗ್ ಕಾರ್ಡುಗಳಲ್ಲೂ ಅದೇ ಅಂತರ. ಆರ್‌ಟಿಎಕ್ಸ್ 4090 ಏಕಮಾನದಲ್ಲಿ 82.6 ಟೆರಾಫ್ಲಾಪ್, ದ್ವಿಮಾನದಲ್ಲಿ 1.29. ಅರುವತ್ತನಾಲ್ಕರಲ್ಲಿ ಒಂದು ಪಾಲು. ಡೇಟಾ ಸೆಂಟರಿನ ಎ100 ಕಾರ್ಡ್ 2020ರಲ್ಲೇ ದ್ವಿಮಾನದಲ್ಲಿ 9.7 ಕೊಡುತ್ತಿತ್ತು. ಇದನ್ನು ಹಿಡಿದು, ಗೇಮಿಂಗ್ ಕಾರ್ಡ್ ಸಿಮ್ಯುಲೇಶನ್ನಿಗೆ ನಾಲಾಯಕ್ಕು ಎಂದು ಹೇಳುವವರಿದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಹಿಂದೆ ಹೇಳಿದ 12 ಬೈಟಿಗೆ ಎರಡು ಲೆಕ್ಕದ ಮಾತನ್ನು ಇಲ್ಲಿಗೂ ತನ್ನಿ. ಆರ್‌ಟಿಎಕ್ಸ್ 4060ರ ಮೆಮೊರಿ ಸೆಕೆಂಡಿಗೆ 272 ಜಿಬಿ ಕೊಡುತ್ತದೆ, ಅದರಿಂದ ಆಗುವುದು ಸುಮಾರು 4,500 ಕೋಟಿ ಲೆಕ್ಕ. ಅದರ ಬಡಪಾಯಿ ದ್ವಿಮಾನ ಶಕ್ತಿಯೂ 23,000 ಕೋಟಿಯ ಸುತ್ತ ಇದೆ. ಅಂದರೆ ಪುನರಾವರ್ತನೆಯಿಂದ ಬಿಡಿಸುವ ಸಾಲ್ವರುಗಳಲ್ಲಿ ಈ ಗುಣಿಸಿ ಕೂಡುವ ಕೆಲಸಕ್ಕೆ ಅಡ್ಡ ಬರುವುದು ದ್ವಿಮಾನದ ಬಡತನವಲ್ಲ. ಅಲ್ಲೂ ಮೆಮೊರಿಯೇ ಅಡ್ಡ, ಮತ್ತು ಡೆಸ್ಕ್‌ಟಾಪ್ ರ‍್ಯಾಮಿಗಿಂತ ಮೂರು ಪಟ್ಟು ವೇಗದ ಮೆಮೊರಿ ಅದು. ನಿಜವಾದ ಗೋಡೆ ಜಾಗದ್ದು. ಆ ಕಾರ್ಡಿನಲ್ಲಿರುವುದು 8 ಜಿಬಿ. ನಮ್ಮ 1.14 ಕೋಟಿ ಸೆಲ್ಲಿನ ಮೂರನೆಯ ಮೆಶ್ ಅದರೊಳಗೆ ಹಿಡಿಸುವುದಿಲ್ಲ. ಘನವಸ್ತುಗಳ ಡೈರೆಕ್ಟ್ ಸಾಲ್ವರಿನ ಮಾತು ಬೇರೆ. ಅಲ್ಲಿ ಒಮ್ಮೆ ತಂದ ಸಂಖ್ಯೆಯನ್ನು ಮತ್ತೆ ಮತ್ತೆ ಬಳಸುವುದರಿಂದ ದ್ವಿಮಾನ ಶಕ್ತಿಯೇ ಮುಖ್ಯವಾಗುತ್ತದೆ, ಗೇಮಿಂಗ್ ಕಾರ್ಡು ಅಲ್ಲಿ ಸೋಲುತ್ತದೆ. ಏಕಮಾನದಲ್ಲೇ ಓಡಿಸಿದರಾಯಿತು ಎನ್ನಲೂ ಬಾರದು. ತೆಳು ತಗಡಿನ ರಚನೆಗಳಂಥ ಮಾದರಿಗಳಲ್ಲಿ ಸಮೀಕರಣಗಳ ಸ್ವಭಾವದಿಂದಲೇ ಆರು ಅಂಕಿಗಳ ನಿಖರತೆ ಕಳೆದುಹೋಗಬಹುದು. ಹದಿನಾರರಲ್ಲಿ ಆರು ಹೋದರೆ ಹತ್ತು ಉಳಿಯುತ್ತದೆ, ಏಳರಲ್ಲಿ ಆರು ಹೋದರೆ?

ಹಾಗಾಗಿ ಕಾರ್ಡನ್ನು ಆರಿಸುವ ಮೊದಲು ತನ್ನ ಸಾಲ್ವರ್ ಗ್ರಾಫಿಕ್ಸ್ ಕಾರ್ಡನ್ನು ಬಳಸುತ್ತದೆಯೇ ಎಂದು ತಿಳಿಯಬೇಕು. ಓಪನ್‌ಫೋಮಿನ ಸಾಮಾನ್ಯ ಆವೃತ್ತಿ ಬಳಸುವುದಿಲ್ಲ. ಬಳಸದಿದ್ದರೆ ಕಾರ್ಡಿನ ಬೆಲೆಯೆಲ್ಲ ಆಟದ ಖಾತೆಗೇ ಹೋಗುತ್ತದೆ, ಅದನ್ನು ಅಲ್ಲಿಗೇ ಬರೆದುಕೊಳ್ಳಬೇಕು. ಬಳಸುವುದಾದರೆ ಎನ್ವಿಡಿಯಾ ಕಾರ್ಡೇ ಸುರಕ್ಷಿತ, ಎಂಜಿನಿಯರಿಂಗ್ ತಂತ್ರಾಂಶಗಳ ಬಹುಪಾಲು ಕುಡಾವನ್ನೇ ನೆಚ್ಚಿಕೊಂಡಿದೆ. ವೇಗದಲ್ಲಿ ಒಂದು ದರ್ಜೆ ಕೆಳಗಿದ್ದರೂ ಮೆಮೊರಿ ಹೆಚ್ಚಿರುವ ಕಾರ್ಡ್ ಮೇಲು. 12 ಜಿಬಿಯ ಹಳೆಯ ಆರ್‌ಟಿಎಕ್ಸ್ 3060ರ ಮೆಮೊರಿ ಸೆಕೆಂಡಿಗೆ 360 ಜಿಬಿ ಕೊಡುತ್ತದೆ, ಈ ಕೆಲಸಕ್ಕೆ ಅದು 8 ಜಿಬಿಯ 4060ಕ್ಕಿಂತ ಒಳ್ಳೆಯದು. ಆಟದಲ್ಲಿ 4060 ಮುಂದಿರುತ್ತದೆ. ಇಲ್ಲಿ ಆಟ ತನ್ನ ಸೆಟ್ಟಿಂಗ್ಸನ್ನು ಒಂದು ಹೆಜ್ಜೆ ಇಳಿಸಿಕೊಳ್ಳಲಿ.

ಈಗ ನಂಬಿಕೆಯ ವಿಷಯ. 1994ರಲ್ಲಿ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ, ಇಂಟೆಲ್‌ನ ಪೆಂಟಿಯಮ್ ಭಾಗಾಕಾರದಲ್ಲಿ ತಪ್ಪುವುದನ್ನು ತಮ್ಮ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಕಂಡುಹಿಡಿದರು. ಕಂಪನಿ 47.5 ಕೋಟಿ ಡಾಲರ್ ನಷ್ಟ ಹೊತ್ತುಕೊಂಡಿತು. ಮೂವತ್ತು ವರ್ಷಗಳ ನಂತರ 2024ರಲ್ಲಿ ಅದೇ ಕಂಪನಿಯ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರಾಸೆಸರುಗಳು ಅಸ್ಥಿರವಾದವು. ಈ ಸಲ ದೋಷವನ್ನು ಬಯಲಿಗೆಳೆದವರಲ್ಲಿ ಆಟಗಾರರು ಮುಂದಿದ್ದರು. ಅನ್‌ರಿಯಲ್ ಎಂಜಿನ್ನಿನ ಆಟಗಳು ತೆರೆಯುತ್ತಲೇ ಕುಸಿಯುತ್ತಿದ್ದವು, ವಿಡಿಯೋ ಮೆಮೊರಿ ಸಾಲದು ಎಂಬ ದಾರಿ ತಪ್ಪಿಸುವ ಸಂದೇಶ ಬರುತ್ತಿತ್ತು. ಕಾರಣ ಪ್ರಾಸೆಸರಿಗೆ ಹೋಗುತ್ತಿದ್ದ ಅತಿ ವೋಲ್ಟೇಜ್. ಇಂಟೆಲ್ ಆಗಸ್ಟಿನಲ್ಲಿ ಹೊಸ ಮೈಕ್ರೋಕೋಡ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ಸಾಲಿನ ಪ್ರಾಸೆಸರ್ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಯಾಸ್ ನವೀಕರಣದ ಇತಿಹಾಸ ಕೇಳದೆ ಕೊಳ್ಳಬಾರದು. ಆಟ ಕುಸಿದರೆ ಕುಸಿಯಿತೆಂದು ಗೊತ್ತಾಗುತ್ತದೆ. ರಾತ್ರಿ ಎರಡು ಗಂಟೆಗೆ ಒಂದು ಬಿಟ್ ತಿರುಗಿ ಲೆಕ್ಕ ಮುಂದುವರಿದರೆ ಯಾರಿಗೂ ಗೊತ್ತಾಗದೇ ಹೋಗಬಹುದು. ಆಟಕ್ಕಾಗಿ ರ‍್ಯಾಮನ್ನು ಕೊನೆಯ ಅಂಚಿನ ತನಕ ಓವರ್‌ಕ್ಲಾಕ್ ಮಾಡುವ ಚಪಲವನ್ನು ಈ ಯಂತ್ರದಲ್ಲಿ ಬಿಡಬೇಕು. ಡಿಡಿಆರ್5ರ ಚಿಪ್ಪಿನೊಳಗೇ ಇರುವ ದೋಷ ತಿದ್ದುವ ಏರ್ಪಾಡು, ಸರ್ವರುಗಳ ಇಸಿಸಿ ಮೆಮೊರಿಯಷ್ಟು ರಕ್ಷಣೆ ಕೊಡುವುದಿಲ್ಲ. ಚಿಪ್ಪಿನಿಂದ ಪ್ರಾಸೆಸರಿನ ತನಕದ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಕಾಣುವುದಿಲ್ಲ.

ಎಸ್‌ಎಂಪಿಎಸ್, ಕ್ಯಾಬಿನೆಟ್, ಕೂಲರ್ ಇವನ್ನು ಕೊಟೇಶನ್ನಿನ ಕೊನೆಯಲ್ಲಿ, ಉಳಿದ ಹಣದಲ್ಲಿ ಬರೆಯುವ ರೂಢಿ ಇದೆ. ಆಟ ಒಂದೆರಡು ಗಂಟೆ, ಅದೂ ಏರಿಳಿತಗಳೊಂದಿಗೆ. ಲೆಕ್ಕ ಹತ್ತು ಹನ್ನೆರಡು ಗಂಟೆ ಒಂದೇ ಸಮನೆ ಪೂರ್ತಿ ಹೊರೆಯಲ್ಲಿ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ, ಆ ಕೋಣೆಯಲ್ಲಿ 253 ವ್ಯಾಟ್ ಎಳೆಯುವ ಪ್ರಾಸೆಸರನ್ನು ತಣ್ಣಗಿಡುವುದು ಕೂಲರಿಗೆ ಸಾಧ್ಯವಾಗದೆ ಪ್ರಾಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. 65 ವ್ಯಾಟಿನ ದರ್ಜೆಯ ಪ್ರಾಸೆಸರ್ ಅಲ್ಲಿ ಜಾಣ ಆಯ್ಕೆ, ಮೆಮೊರಿಗೆ ಕಾಯುವ ಕೆಲಸದಲ್ಲಿ ಅದರಿಂದ ಹೆಚ್ಚು ನಷ್ಟವೂ ಇಲ್ಲ. ಬೆಳಗುವ ಫ್ಯಾನುಗಳ ಹಣ, ಕರೆಂಟ್ ಹೋದಾಗ ಲೆಕ್ಕವನ್ನು ಕಾಯುವ ಯುಪಿಎಸ್‌ಗೆ ಹೋಗಲಿ. ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಬಹುದೇ ಎಂದು ಹಾಸ್ಟೆಲ್ಲಿನಲ್ಲಿರುವವರು ಕೇಳುತ್ತಾರೆ. ಜಾಗವಿಲ್ಲದವರಿಗೆ ಬೇರೆ ದಾರಿಯಿಲ್ಲ. ಹಾಗಿದ್ದರೆ ಎರಡು ರ‍್ಯಾಮ್ ಸ್ಲಾಟ್ ಇರುವ, ಬಿಚ್ಚಿ ಬದಲಿಸಬಹುದಾದ ಮಾದರಿಯನ್ನೇ ಹುಡುಕಬೇಕು.

ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಒಂದಿದೆ. ದೊಡ್ಡ ಲೆಕ್ಕ ಮನೆಯಲ್ಲೇಕೆ, ಕ್ಲೌಡಿನಲ್ಲಿ ಬಾಡಿಗೆಗೆ ಓಡಿಸಿ, ಮನೆಯ ಯಂತ್ರವನ್ನು ಪೂರ್ತಿ ಆಟಕ್ಕೇ ಕಟ್ಟಿ ಎಂಬುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪಿನ ಪರಮ್ ಪ್ರವೇಗದಂಥ ಯಂತ್ರಗಳು ಇರುವಾಗ ಮನೆಯ ಡಬ್ಬಿಯಲ್ಲಿ ಕೋಟಿ ಸೆಲ್ ಓಡಿಸುವುದು ಹಟವಲ್ಲವೇ ಎಂದೂ ಕೇಳಬಹುದು. ಹತ್ತು ಕೋಟಿ ಸೆಲ್ಲಿನ ಕೆಲಸ ಅಲ್ಲಿಗೇ ಹೋಗಬೇಕು, ಅನುಮಾನವಿಲ್ಲ. ಆದರೆ ಅಂಥ ಯಂತ್ರದ ಬಾಗಿಲು ಜಿಲ್ಲಾ ಕೇಂದ್ರದ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗೆ ಸುಲಭವಾಗಿ ತೆರೆಯುವುದಿಲ್ಲ. ಬಾಡಿಗೆಯ ಗಡಿಯಾರ ಓಡುತ್ತಿರುವಾಗ ಕಲಿಯುವವನು ಧೈರ್ಯವಾಗಿ ತಪ್ಪು ಮಾಡಲಾರ. ಮೆಶ್ ಕೆಟ್ಟು, ಲೆಕ್ಕ ಸಿಡಿದು, ಗಡಿಷರತ್ತು ತಪ್ಪಾಗಿ, ಮತ್ತೆ ಓಡಿಸಿ, ಮತ್ತೆ ಕೆಡಿಸಿಯೇ ಈ ವಿದ್ಯೆ ಕೈಗೆ ಹತ್ತುವುದು. ಅದಕ್ಕೆ ಹೊತ್ತಿನ ಲೆಕ್ಕ ಕೇಳದ, ಸ್ವಂತದ ಒಂದು ಯಂತ್ರ ಬೇಕು. ಪರೀಕ್ಷಿಸಿ ಗಟ್ಟಿಮಾಡಿದ ಕೇಸನ್ನು ಆಮೇಲೆ ದೊಡ್ಡ ಯಂತ್ರಕ್ಕೆ ಕಳಿಸಲಿ.

ಕೊಳ್ಳುವ ಅನುಕ್ರಮವೂ ನಮ್ಮ ಕೈಯಲ್ಲಿದೆ. ರೈಜನ್ 7000, 9000 ಸಾಲಿನ ಡೆಸ್ಕ್‌ಟಾಪ್ ಪ್ರಾಸೆಸರುಗಳಲ್ಲಿ, ಎಫ್ ಎಂದು ಕೊನೆಯಾಗುವ ಮಾದರಿಗಳನ್ನು ಬಿಟ್ಟರೆ, ಪರದೆ ನಡೆಸುವಷ್ಟು ಗ್ರಾಫಿಕ್ಸ್ ಒಳಗೇ ಇರುತ್ತದೆ. ಹಣ ಸಾಲದವರು ಇಂದು 64 ಜಿಬಿ ರ‍್ಯಾಮ್, ಒಳ್ಳೆಯ ಬೋರ್ಡ್, ಸಾಕಷ್ಟು ವ್ಯಾಟಿನ ಎಸ್‌ಎಂಪಿಎಸ್ ಕೊಂಡು, ಗ್ರಾಫಿಕ್ಸ್ ಕಾರ್ಡನ್ನು ಆರು ತಿಂಗಳ ನಂತರ ತರಬಹುದು. ಲೆಕ್ಕ ಮೊದಲ ದಿನದಿಂದಲೇ ನಡೆಯುತ್ತದೆ, ದೊಡ್ಡ ಆಟಗಳು ಕಾಯುತ್ತವೆ. ಅಪ್ಪ ಅಮ್ಮ ಕಷ್ಟಪಟ್ಟು ಕೂಡಿಸಿದ ಹಣದಲ್ಲಿ ಯಂತ್ರ ಕಟ್ಟುವವರಿಗೆ ನಾನು ಹೇಳುವ ದಾರಿ ಇದೇ.

ಯಂತ್ರ ಮನೆಗೆ ಬಂದ ಮೇಲೆ ಮೊದಲ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಬೇಕು. ಒಂದು ತಪ್ಪು ಕಂಡರೂ ಆ ರ‍್ಯಾಮ್ ಅಂಗಡಿಗೆ ವಾಪಸ್. ಎರಡನೇ ರಾತ್ರಿ ಮೋಟರ್‌ಬೈಕ್ ಕೇಸನ್ನು ಮೆಶ್ ನಯ ಮಾಡಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆಳಗಿನ ತನಕ ಓಡಲು ಬಿಡಬೇಕು. ಲಾಗಿನಲ್ಲಿ ಮೊದಲ ನೂರು ಸುತ್ತುಗಳಿಗೆ ಹಿಡಿದ ಹೊತ್ತು ಎಷ್ಟು, ಕೊನೆಯ ನೂರಕ್ಕೆ ಎಷ್ಟು ಎಂದು ನೋಡಬೇಕು. ಕೊನೆಯದು ಎದ್ದು ಕಾಣುವಷ್ಟು ಹೆಚ್ಚಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬಿಸಿಯನ್ನು. ಕೂಲರನ್ನೋ ಕ್ಯಾಬಿನೆಟ್ಟನ್ನೋ ಬದಲಿಸಬೇಕಾಗಬಹುದು, ಅಂಗಡಿಯವರು ಬದಲಿ ಕೊಡುವ ಅವಧಿ ಮುಗಿಯುವ ಮೊದಲೇ ಆ ಲಾಗ್ ಹಿಡಿದುಕೊಂಡು ಹೋಗಿ ಮಾತಾಡಬೇಕು.